ಒಮ್ಮತದ ಆಯ್ಕೆ

ನಮ್ಮ ಯಜಮಾನರು ಪಕ್ಷದ ತಾಲ್ಲೂಕು ಅಧ್ಯಕ್ಷರಾಗಿದ್ದರು. ಅರಳಗುಪ್ಪೆ ಕಡೆಯ ನಮ್ಮ ತೋಟದ ಮನೆಯಲ್ಲೇ ಸಭೆಗಳು ನಡೆಯುತ್ತಿದ್ದವು. ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಕೈಕಾಲು ಸುಧಾರಿಸಿತು, ಮಾತು ಮಾತ್ರ ತೊದಲಾಗಿಯೇ ಉಳಿಯಿತು.

ಅಷ್ಟರಲ್ಲಿ ಬೆಂಗಳೂರಿನಿಂದ ಪಕ್ಷದ ವೀಕ್ಷಕರು ಬರುತ್ತಾರೆಂದು ಸುದ್ದಿ ಬಂತು.

"ನನ್ನ ನೋಡ್ಕಂಡು ಹೋಗಕ್ಕೆ ಬತ್ತಾವ್ರೆ ಕಣೇ," ಎಂದು ಇವರು ಹಿಗ್ಗಿದರು.

ನಾನು ಒಬ್ಬಟ್ಟು ಮಾಡಿದೆ. ನನ್ನ ತಮ್ಮ ಬೆಳಗ್ಗೆಯೇ ಬಂದು ಅಂಗಳದಲ್ಲಿ ಕುರ್ಚಿ ಹಾಕಿಸಿದ. ಅವನನ್ನು ಪಕ್ಷಕ್ಕೆ ಸೇರಿಸಿ, ಜೊತೆಯಲ್ಲಿ ಓಡಾಡಿಸಿ ಬೆಳೆಸಿದವರು ಇವರೇ.

ವೀಕ್ಷಕರು ಮತ್ತೆ ಮತ್ತೆ ಒಬ್ಬಟ್ಟು ಹಾಕಿಸಿಕೊಂಡರು. ತುಪ್ಪ ಚೆನ್ನಾಗಿದೆ ಅಂದರು. ಊಟ ಮುಗಿದು, ನಾನು ಕೊಟ್ಟ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಇವರಿಗೆ ಹೇಳಿದರು:

"ಅಧ್ಯಕ್ಷರೇ, ಮೇಲಿನವರು ನಿಮಗೆ ವಿಶ್ರಾಂತಿ ಕೊಡೋಣ ಅಂತಿದಾರೆ. ನಿಮ್ಮ ಬಾಮೈದನ ಹೆಸರು ತೀರ್ಮಾನ ಆಗಿದೆ. ಅದನ್ನ ನೀವೇ ಸೂಚಿಸಿದ್ರೆ ಒಮ್ಮತದ ಆಯ್ಕೆ ಆಗುತ್ತೆ."

ಇವರು ನನ್ನ ತಮ್ಮನ ಕಡೆ ನೋಡಿದರು. ಅವನು ಎಲೆ ಮಡಿಸುತ್ತಾ, "ನಂಗೇನೂ ಗೊತ್ತಿಲ್ಲ ಭಾವ," ಎಂದ. ಹಾರ, ಶಾಲು ಎರಡೂ ಅವನ ಕಾರಿನಿಂದಲೇ ಬಂದವು.

ಅಂಗಳದಲ್ಲಿ ಸೇರಿದ್ದ ಕಾರ್ಯಕರ್ತರ ಮುಂದೆ ಇವರ ಕೈಗೆ ಮೈಕ್ ಕೊಟ್ಟರು. ತಮ್ಮನ ಹೆಸರು ಹೇಳಲು ಹೋಗಿ ಇವರ ನಾಲಿಗೆ ಹೊರಳಲಿಲ್ಲ. ಮೊದಲಕ್ಷರದಲ್ಲೇ ಸಿಕ್ಕಿಕೊಂಡರು. ಮುಂದೆ ಕೂತವರು ಮೊಬೈಲ್ ಎತ್ತಿ ಹಿಡಿದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

"ನಿಧಾನವಾಗಿ ಹೇಳಿ, ಅವಸರ ಇಲ್ಲ," ಎಂದ ವೀಕ್ಷಕರು ಗಡಿಯಾರ ನೋಡಿಕೊಂಡರು.

ಬೆವರು ಇವರ ಕಾಲರಿನೊಳಕ್ಕೆ ಇಳಿಯುತ್ತಿತ್ತು. ಕೊನೆಗೆ ಹೆಸರು ಬಂತು. ಚಪ್ಪಾಳೆ ಬಿತ್ತು. ತಮ್ಮ ಇವರ ಕಾಲಿಗೆ ಬಿದ್ದ; ಬೀಳುವಾಗಲೂ ಮುಖ ಕ್ಯಾಮೆರಾದ ಕಡೆಗೇ ಇತ್ತು.

ಆಮೇಲೆ ಅಡಿಗೆಮನೆಗೆ ಬಂದ.

"ಬೇಜಾರು ಮಾಡ್ಕಬೇಡ ಅಕ್ಕ. ನಾನಲ್ದಿದ್ರೆ ಇನ್ಯಾರೋ ಆಗ್ತಿದ್ರು. ಭಾವನ ಮಾತು ಯಾರಿಗೂ ತಿಳಿಯಕಿಲ್ಲ."

"ನಂಗೆ ತಿಳೀತದೆ," ಅಂದೆ.

"ಒಬ್ಬಟ್ಟು ಉಳಿದಿದ್ರೆ ಕಟ್ಟಿಕೊಡು, ಸಾಹೇಬ್ರು ಕೇಳ್ತಾವ್ರೆ."

ಕಟ್ಟಿಕೊಟ್ಟೆ.

ಮಾರನೇ ದಿನ ಇವರು ತೊದಲುವ ವಿಡಿಯೋ ಊರೆಲ್ಲ ಹರಿದಾಡಿತು. ವಾರ ಕಳೆದ ಮೇಲೆ ಇವರು ಮೊಬೈಲನ್ನು ನನ್ನ ಕೈಗಿಟ್ಟು, "ಪಕ್ಷದ ಗ್ರೂಪಿಂದ ಒಂದು ಮೆಸೇಜೂ ಬತ್ತಿಲ್ಲ, ನೋಡೇ," ಎಂದರು. ನೋಡಿದೆ. ನನ್ನ ತಮ್ಮ ಇವರನ್ನು ಗ್ರೂಪಿನಿಂದ ತೆಗೆದುಹಾಕಿದ್ದ.

"ನೆಟ್‌ವರ್ಕ್ ಇಲ್ಲ ಕಣ್ರೀ," ಅಂದೆ.

ಇವರು ಮೊಬೈಲ್ ಇಸ್ಕೊಂಡು, ಸಿಗ್ನಲ್ ಸಿಗಲಿ ಎಂದು ಕೆರೆ ಏರಿಯ ಮೇಲೆ ಹೋಗಿ ನಿಂತರು.