ಇಬ್ಬರಿಗೆ ಸಾಲದ ಕೋಣೆ

ಗಂಡ ಪಶ್ಚಿಮ ಜರ್ಮನಿಯ ಒಂದು ಕಾರ್ಖಾನೆಯಲ್ಲಿ ಫಿಟರ್ ಆಗಿದ್ದರು. ನಾನೂ ಹೋಗಿ ಅಲ್ಲಿ ವಾಸವಿರಲು ಪರವಾನಗಿ ಬೇಕೆಂದು ಮುಂಬಯಿಯಲ್ಲಿದ್ದ ಆ ದೇಶದ ಕಚೇರಿಗೆ ಅರ್ಜಿ ಕೊಟ್ಟೆ. ಕೊಟ್ಟದ್ದೇ ತಡ, ನಾನು ಹೊರಟೇಬಿಟ್ಟೆನೆಂದು ಅತ್ತೆ ಲೆಕ್ಕ ಹಾಕಿದರು. ಮುಂಬಯಿಯ ಜೋಗೇಶ್ವರಿಯಲ್ಲಿ, ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ನಾವು ಏಳು ಜನ. ಗೋಡೆ ಬದಿಯ ನನ್ನ ಹಾಸಿಗೆಯ ಜಾಗಕ್ಕೆ ಅವರು ಗದಗಿನಿಂದ ತಮ್ಮ ತಂಗಿಯ ಮಗನನ್ನು ಕರೆಸಿಕೊಂಡರು. ಅವನಿಗೆ ಬೆಳಗಿನ ಪಾಳಿಯ ಕೆಲಸವೂ ಸಿಕ್ಕಿತು. ಹೊರಡುವತನಕವೆಂದು ನಾನು ಅತ್ತೆಯ ಹಾಸಿಗೆಯಲ್ಲೇ ಒತ್ತಿಕೊಂಡು ಮಲಗತೊಡಗಿದೆ.

ಕೆಲವು ತಿಂಗಳ ಮೇಲೆ ಕಚೇರಿಯಿಂದ ಕರೆ ಬಂತು. ನನ್ನ ಗಂಡನ ಬಾಡಿಗೆ ಕೋಣೆ ಇಬ್ಬರಿಗೆ ಸಾಲುವಷ್ಟು ದೊಡ್ಡದಲ್ಲ, ಆದ್ದರಿಂದ ಪರವಾನಗಿ ಕೊಡಲಾಗದು ಎಂದು ಅಲ್ಲಿನ ಗುಮಾಸ್ತ ಸೌಮ್ಯವಾಗಿಯೇ ಹೇಳಿದ. ಕೋಣೆಯ ಅಳತೆ ಕೇಳಿದೆ. ಅದು ನಮ್ಮ ಖೋಲಿಗಿಂತ ದೊಡ್ಡದು. ಆ ಮಾತನ್ನು ನಾನು ಬಾಯಿಬಿಡಲಿಲ್ಲ. ಬಿಟ್ಟರೆ ನಮ್ಮ ಖೋಲಿಯಿಂದಲೂ ನಮ್ಮನ್ನು ಎಬ್ಬಿಸಿಯಾರು ಅನ್ನಿಸಿತು.

ಲೋಕಲ್ ರೈಲು ಹಿಡಿದು ಮನೆಗೆ ಬಂದರೆ ಆ ಹುಡುಗ ಪಾಳಿ ಮುಗಿಸಿ ನನ್ನ ಜಾಗದಲ್ಲಿ ಮಲಗಿದ್ದ. ವಿಷಯ ತಿಳಿಸಿದೆ.

"ಇಬ್ಬರಿಗೆ ಸಾಲೂದಿಲ್ಲಂತ? ಅಲ್ಲೇನ ಆನಿ ಸಾಕ್ತಾರೇನವಾ?" ಎಂದರು ಅತ್ತೆ. ಆಮೇಲೆ ಅವನನ್ನು ನೋಡಿದರು, ನನ್ನನ್ನು ನೋಡಿದರು. "ಇವನ್ನ ಹೆಂಗ ಎಬ್ಬಸಲಿ? ತಡಿ" ಎಂದು ಮೂಲೆಯ ನೀರಿನ ಡ್ರಮ್ಮನ್ನು ಹೊರಗಿನ ಗ್ಯಾಲರಿಗೆ ಎಳೆದರು.

ಆ ಡ್ರಮ್ಮಿನ ಜಾಗದಲ್ಲಿ ನಾನು ವರ್ಷಕ್ಕೂ ಮೇಲೆ ಮಲಗಿದೆ. ಗಂಡ ಎರಡು ಕೋಣೆಯ ಮನೆ ಹಿಡಿದ ಮೇಲೆ ಪರವಾನಗಿ ಬಂತು. ಅಲ್ಲಿನ ಅಗಲವಾದ ಮಂಚದಲ್ಲಿ ಮೊದಲ ದಿನ ಬೆಳಗ್ಗೆ ಎದ್ದಾಗ ಗಂಡ ಕೇಳಿದರು:

"ಇಷ್ಟ ಜಾಗಾ ಐತಿ, ಹಿಂಗ್ಯಾಕ ಮೂಲ್ಯಾಗ ಮುದುಡಿ ಮಲಗೀದಿ?"