ಹರಿವಾಣದ ಆಚೆ ಬದಿ

ಎಂಜಲು ಎನ್ನುವ ಮಾತು ಕಿವಿಗೆ ಬಿದ್ದರೆ ಈಗೀಗ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲು ಹಾಗಿರಲಿಲ್ಲ. ಉಡುಪಿ ಕಡೆಯ ಕ್ರೈಸ್ತರ ಮನೆಯಲ್ಲಿ ಹುಟ್ಟಿದ ನಾನೂ ಆ ಮಾತನ್ನು ಕೇಳಿಕೊಂಡೇ ಬೆಳೆದವನು. ತಮ್ಮ ಕಚ್ಚಿದ ಪೇರಳೆಯನ್ನು ಮುಟ್ಟದವನು, ಇನ್ನೊಬ್ಬರು ಕುಡಿದ ಲೋಟವನ್ನು ತೊಳೆಯದೆ ತುಟಿಗೆ ತಾಗಿಸದವನು. ಆದರೆ ದೋಹಾದ ಒಂದು ಸಣ್ಣ ಸೊಮಾಲಿ ಹೋಟೆಲಿನಲ್ಲಿ, ಒಂದು ಶುಕ್ರವಾರ ಮಧ್ಯಾಹ್ನ, ನಮ್ಮ ಆಫೀಸಿನವರು ಈ ಎಂಜಲಿನ ಹೆಸರಿನಲ್ಲಿ ಮಾಡಿದ ಘನಂದಾರಿ ಕೆಲಸವನ್ನು ಕಂಡ ಮೇಲೆ ಆ ಮಾತೇ ನನಗೆ ಬೇಡವಾಗಿದೆ.

ಹೋಟೆಲು ದೋಹಾ ಅಲ್ ಜದೀದಾದ ಒಂದು ಒಳಬೀದಿಯಲ್ಲಿದೆ. ಒಂದು ಮಗ್ಗುಲಲ್ಲಿ ದರ್ಜಿ ಅಂಗಡಿ, ಇನ್ನೊಂದು ಮಗ್ಗುಲಲ್ಲಿ ಮೊಬೈಲ್ ರಿಪೇರಿ. ಒಳಗೆ ನಾಲ್ಕಾರು ಮೇಜು. ಹಿಂದಿನ ಗೋಡೆಗೆ ಒತ್ತಿಕೊಂಡು ನಮ್ಮ ಜಗಲಿಯ ಹಾಗೆ ಎತ್ತರದ ಒಂದು ಕಟ್ಟೆ, ಅದರ ಮೇಲೆ ಕೆಂಪು ಜಮಖಾನ, ಒರಗಲು ದಿಂಬುಗಳು. ಕುಳಿತ ಕೂಡಲೇ ಕೇಳದೆಯೇ ಒಂದು ಬಟ್ಟಲು ಬಿಸಿ ಸೂಪು ಬರುತ್ತದೆ. ಆಮೇಲೆ ಏಲಕ್ಕಿ ಲವಂಗದ ಪರಿಮಳದ ಅನ್ನ, ಎಲುಬಿನಿಂದ ತಾನಾಗಿ ಕಳಚಿಕೊಳ್ಳುವಷ್ಟು ಬೆಂದ ಆಡಿನ ಮಾಂಸ, ನೆತ್ತಿಗೆ ಹತ್ತುವ ಹಸಿಮೆಣಸಿನ ಚಟ್ನಿ. ಜೊತೆಗೆ ಒಂದು ಬಾಳೆಹಣ್ಣು.

ಆ ಬಾಳೆಹಣ್ಣು ಊಟದ ನಂತರಕ್ಕೆ ಎಂದು ಮೊದಲ ದಿನ ಬದಿಗೆ ಎತ್ತಿಟ್ಟಿದ್ದೆ. ನಮ್ಮವರೆಲ್ಲ ಮಾಡುವ ತಪ್ಪು ಅದು. ಹೋಟೆಲಿನ ಯಜಮಾನ ಬಂದು, ಹಣ್ಣು ಸುಲಿದು ನನ್ನ ಕೈಗೇ ಕೊಟ್ಟು, ಒಂದು ತುತ್ತು ಅನ್ನಕ್ಕೆ ಒಂದು ಚೂರು ಹಣ್ಣು ಎಂದು ಸನ್ನೆಯಲ್ಲಿ ತೋರಿಸಿದ. ಅವಲಕ್ಕಿಗೆ ಬಾಳೆಹಣ್ಣು ಕಿವುಚಿ ತಿಂದ ನಾಲಿಗೆಗೆ ಅದು ಒಗ್ಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಂದಿನಿಂದ ವಾರಕ್ಕೊಮ್ಮೆಯಾದರೂ ಅಲ್ಲಿ ಊಟ ಮಾಡದಿದ್ದರೆ ನನಗೆ ಏನೋ ಕಳೆದುಕೊಂಡ ಹಾಗೆ.

ನನ್ನನ್ನು ಅಲ್ಲಿಗೆ ಮೊದಲು ಕರೆದೊಯ್ದವನು ನಮ್ಮ ಆಫೀಸಿನ ಮಂದೂಬ್. ಮಂದೂಬ್ ಎಂದರೆ ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಓಡಾಡುವವನು. ಸೊಮಾಲಿಯಾದ ಹರ್ಗೇಸಾ ಊರಿನವನು, ಎತ್ತರದ ಆಳು, ಗಡ್ಡಕ್ಕೆ ಮದರಂಗಿ ಹಚ್ಚುತ್ತಿದ್ದ. ಅರಬಿ ಅವನಿಗೆ ನೀರು ಕುಡಿದಷ್ಟು ಸಲೀಸು. ನಮ್ಮೊಡನೆ ಮಾತಾಡಲು ಒಂದು ಹರಕು ಹಿಂದಿ. ಆಫೀಸಿನಲ್ಲಿ ಅವನು ಕಾಲು ಸವೆಸದೆ ವೀಸಾ ಆದವರು ಒಬ್ಬರೂ ಇಲ್ಲ. ನಮ್ಮ ಅಕೌಂಟ್ಸ್ ಮುಖ್ಯಸ್ಥರನ್ನೇ ತೆಗೆದುಕೊಳ್ಳಿ. ಮಂಗಳೂರಿನವರು, ತುಳು ಮನೆಮಾತು, ಓಲ್ಡ್ ಏರ್‌ಪೋರ್ಟ್ ಕಡೆ ಒಳ್ಳೆಯ ಫ್ಲ್ಯಾಟು. ಅವರ ಹೆಂಡತಿ ಮಕ್ಕಳ ವೀಸಾ ಎಲ್ಲೋ ಸಿಕ್ಕಿಹಾಕಿಕೊಂಡಾಗ ರಂಜಾನಿನ ಉಪವಾಸದಲ್ಲಿ, ಗಂಟಲಿಗೆ ಹನಿ ನೀರಿಲ್ಲದೆ, ಕೌಂಟರಿನಿಂದ ಕೌಂಟರಿಗೆ ಅಲೆದು ಅದನ್ನು ಬಿಡಿಸಿಕೊಂಡು ಬಂದವನು ಇವನೇ.

ಈಗ ಎಲ್ಲವೂ ಮೊಬೈಲಿನಲ್ಲೇ ಆಗುತ್ತದೆ. ಬೆರಳು ಒತ್ತಿದರೆ ವೀಸಾ ನವೀಕರಣ. ಹಾಗಾಗಿ ಮಂದೂಬ್ ಬೇಡ ಎಂದು ಕಂಪನಿಗೆ ಅನ್ನಿಸಿತು. ಖಲಾಸ್. ತಲೆಗೂದಲು ಬೆಳ್ಳಗಾಗುವ ತನಕ ದುಡಿದವನಿಗೆ ಒಂದು ಕೈಗಡಿಯಾರ ಕೊಟ್ಟು, ಮೀಟಿಂಗ್ ರೂಮಿನಲ್ಲಿ ಕೇಕ್ ಕತ್ತರಿಸಿ ಮುಗಿಸಿದರು. ಆ ಕೇಕಿನ ಬಗ್ಗೆಯೂ ಹೇಳಲೇಬೇಕು. ನಮ್ಮ ಆಫೀಸಿನಲ್ಲಿ ಕೇಕ್ ಕತ್ತರಿಸಿದರೆ ಒಂದೇ ತುಂಡನ್ನು ಒಬ್ಬರ ಬಾಯಿಗೆ ತುರುಕಿ, ಅವರು ಕಚ್ಚಿ ಉಳಿದದ್ದನ್ನು ಇನ್ನೊಬ್ಬರ ಬಾಯಿಗೆ ತುರುಕಿ, ಮೂಗಿಗೆಲ್ಲ ಕ್ರೀಮು ಮೆತ್ತಿ ನಗುವುದು ರೂಢಿ. ಅಂದೂ ಹಾಗೆಯೇ ಮಾಡಿದರು. ಅಕೌಂಟ್ಸ್ ಮುಖ್ಯಸ್ಥರೇ ಮುಂದೆ ನಿಂತು ಮಾಡಿಸಿದರು. ಅಲ್ಲಿ ಯಾರಿಗೂ ಎಂಜಲಿನ ನೆನಪಾಗಲಿಲ್ಲ.

ಊರಿಗೆ ಹೊರಡುವ ಮುಂಚಿನ ಶುಕ್ರವಾರ ಮಂದೂಬ್ ನಮ್ಮನ್ನೆಲ್ಲ ಆ ಹೋಟೆಲಿಗೆ ಊಟಕ್ಕೆ ಕರೆದ. ಒಬ್ಬೊಬ್ಬರ ಮೇಜಿನ ಹತ್ತಿರವೂ ಬಂದು, ಎದೆಯ ಮೇಲೆ ಕೈಯಿಟ್ಟು ಕರೆದ. ಅವನ ಆಸೆ ಒಂದೇ. ಅವರ ಕಡೆ ಆಪ್ತರು ಸೇರಿದರೆ ಒಂದೇ ದೊಡ್ಡ ಹರಿವಾಣದ ಸುತ್ತ ಕುಳಿತು ಉಣ್ಣುತ್ತಾರೆ. ಇಷ್ಟು ಕಾಲ ನಾವು ನಮ್ಮ ನಮ್ಮ ಡಬ್ಬಿ ತೆರೆದು ಬೇರೆ ಬೇರೆ ಉಂಡೆವು, ಹೋಗುವ ಮೊದಲು ಒಮ್ಮೆ ಎಲ್ಲರೂ ಒಂದೇ ಹರಿವಾಣದಲ್ಲಿ ಉಣ್ಣಬೇಕು ಎಂದ. ಎಲ್ಲರೂ ಆಗಲಿ ಎಂದು ತಲೆಯಾಡಿಸಿದರು. ಅಲ್ ಖೋರ್ ಸೈಟಿನಲ್ಲಿರುವ ಸ್ಟೋರ್‌ಕೀಪರ್, ಉಳ್ಳಾಲದ ಬ್ಯಾರಿ, ಡ್ಯೂಟಿ ಬದಲಾಯಿಸಲು ಆಗಲಿಲ್ಲವೆಂದು ಫೋನಿನಲ್ಲಿ ಬಹಳ ಬೇಜಾರುಪಟ್ಟುಕೊಂಡ. ನನ್ನನ್ನು ಬಿಟ್ಟರೆ ಬರಬೇಕೆಂದು ನಿಜವಾಗಿ ಆಸೆಯಿದ್ದವನು ಅವನೊಬ್ಬನೇ ಎಂದು ನನಗೆ ಆಗ ತಿಳಿಯಲಿಲ್ಲ.

ಆ ಹರಿವಾಣಕ್ಕೂ ಒಂದು ಶಿಸ್ತುಂಟು. ಊಟಕ್ಕೆ ಮುಂಚೆ ಎಲ್ಲರೂ ಸಾಬೂನು ಹಾಕಿ ಕೈ ತೊಳೆಯಬೇಕು. ಬಲಗೈ ಮಾತ್ರ. ನಿಮ್ಮ ಮುಂದಿನ ಅನ್ನವಷ್ಟೇ ನಿಮ್ಮದು, ಪಕ್ಕದವನ ಬದಿಗೆ ಕೈ ಚಾಚುವಂತಿಲ್ಲ. ಮಾಂಸ ನಡುವೆ ಇರುತ್ತದೆ. ಕರೆದವನು ಅದನ್ನು ಬಿಡಿಸಿ, ಒಳ್ಳೆಯ ತುಂಡನ್ನು ಅತಿಥಿಗಳ ಕಡೆಗೆ ಸರಿಸುತ್ತಾನೆ. ಅತಿಥಿಗಳು ಸಾಕೆನ್ನುವ ತನಕ ಅವನು ತನ್ನ ಕೈ ತೆಗೆಯುವುದಿಲ್ಲ. ಮದುವೆಯ ಬಫೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಬಡಿಸಿಕೊಳ್ಳುವ ನಮಗಿಂತ ಎಷ್ಟೋ ಅಚ್ಚುಕಟ್ಟು.

ನಾನು ಹೋದಾಗ ಕಟ್ಟೆಯ ಮೇಲೆ ಹರಿವಾಣ ಸಿದ್ಧವಾಗಿತ್ತು. ಎತ್ತಿನ ಗಾಡಿಯ ಚಕ್ರದಷ್ಟು ಅಗಲ ಎಂದರೆ ಹೆಚ್ಚು ಹೇಳಿದಂತೆ, ಆದರೆ ಆಫೀಸಿಗೆ ಆಫೀಸೇ ಸುತ್ತ ಕೂರಬಹುದಿತ್ತು. ಮಂದೂಬ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅದರ ಮುಂದೆ ಕುಳಿತಿದ್ದ. ಉಳಿದವರು? ಎದುರಿಗೆ ಮೇಜುಗಳನ್ನು ಜೋಡಿಸಿ ಸಾಲಾಗಿ ಕುಳಿತಿದ್ದರು. ಪ್ರತಿಯೊಬ್ಬರ ಮುಂದೆ ಒಂದು ಪಾರ್ಸೆಲ್ ಡಬ್ಬಿ, ಒಂದು ಪ್ಲಾಸ್ಟಿಕ್ ಚಮಚ. ಮಂಡಿ ನೋವು, ನೆಲದ ಮೇಲೆ ಕೂರಲಾಗದು ಎಂದು ಒಬ್ಬೊಬ್ಬರೂ ಹೇಳಿದರಂತೆ. ಆಫೀಸಿಗೆ ಆಫೀಸೇ ಒಂದೇ ದಿನ ಮಂಡಿ ಹಿಡಿದುಕೊಂಡಿತ್ತು!

ನಾನು ಕೈ ತೊಳೆದು ಕಟ್ಟೆ ಹತ್ತಿದೆ. ಅಷ್ಟರಲ್ಲಿ ಯಜಮಾನ ಬಂದು, ತಾನೇನಾದರೂ ತಪ್ಪು ಮಾಡಿದೆನೇ ಎಂದು ಪಿಸುಮಾತಿನಲ್ಲಿ ಕೇಳಿದ. ನಿಮ್ಮ ಅಕೌಂಟ್ಸಿನ ದೊಡ್ಡವರು ನಿನ್ನೆ ಫೋನು ಮಾಡಿ ಬೇರೆ ಬೇರೆ ಡಬ್ಬಿ ಮಾಡಿಸಲು ಹೇಳಿದರು, ಮಂದೂಬನೇ ಹೇಳಿಸಿರಬೇಕು ಎಂದುಕೊಂಡೆ ಎಂದ. ನನಗೆ ರೇಗಿತು. ಇಳಿದು ಹೋಗಿ ಅಕೌಂಟ್ಸಿನವರ ಕಿವಿಯ ಹತ್ತಿರ ಬಾಗಿ, ಇದೆಂಥ ಕೆಲಸ ಮಾಡಿದಿರಿ ಎಂದು ಕೇಳಿದೆ.

"ಅಲ್ಲ ಮಾರಾಯ, ಅಷ್ಟು ಜನ ಒಂದೇ ಹರಿವಾಣಕ್ಕೆ ಕೈ ಹಾಕುದಂದ್ರೆ ಎಂತ? ಎಂಜಲಲ್ವಾ ಅದು? ನಮಗೆಲ್ಲ ಆಗುದಿಲ್ಲ," ಎಂದರು ಅವರು, ಚಮಚದಲ್ಲಿ ಅನ್ನ ಕೆದಕುತ್ತ. "ಬಂದಿದ್ದೇವಲ್ಲ, ಅಷ್ಟು ಸಾಕು. ನೀನು ಸುಮ್ಮನೆ ಗಲಾಟೆ ಮಾಡ್ಬೇಡ."

ಬಂದಿದ್ದೇವಲ್ಲ, ಅಷ್ಟು ಸಾಕು! ಅವನ ಹಣದ ಮಾಂಸ ತಿನ್ನಲಡ್ಡಿಯಿಲ್ಲ, ಅವನ ಜೊತೆ ತಿನ್ನುವುದಕ್ಕೆ ಮಾತ್ರ ಅಡ್ಡಿ. ನಾನು ಕೇಕಿನ ಮಾತೆತ್ತಿದೆ. ವೀಸಾದ ಮಾತೆತ್ತಿದೆ. ನನ್ನ ದನಿ ಏರಿರಬೇಕು, ಎಲ್ಲರ ಚಮಚಗಳೂ ನಿಂತವು. ಮಂದೂಬನಿಗೆ ಕನ್ನಡ ಬಾರದು. ಆದರೆ ಬೈಗುಳ ತಿಳಿಯಲು ಭಾಷೆ ಬೇಕೇ? ಅವನು ಎದ್ದು ಬಂದು ನನ್ನ ರಟ್ಟೆ ಹಿಡಿದ.

"ಖಲಾಸ್," ಎಂದ ಮೆಲ್ಲಗೆ, ತನ್ನ ಹರಕು ಹಿಂದಿಯಲ್ಲಿ. "ಇವರು ನನ್ನ ಅತಿಥಿಗಳು. ನಾನು ಕರೆದ ಊಟದಲ್ಲಿ ನನ್ನ ಅತಿಥಿಗಳಿಗೆ ನೀನು ಬೈಯಬಾರದು."

ಹಲ್ಲು ಕಚ್ಚಿಕೊಂಡು ಹಿಂದಿರುಗಿದೆ. ಆ ದೊಡ್ಡ ಹರಿವಾಣದ ಒಂದು ಬದಿಯಲ್ಲಿ ಅವನು, ಪಕ್ಕದಲ್ಲಿ ನಾನು. ಆಚೆ ಬದಿಯ ಅನ್ನ ಒಲೆಯಿಂದ ಇಳಿಸಿದಾಗ ಹೇಗಿತ್ತೋ ಹಾಗೆಯೇ ಇತ್ತು, ಮೇಲೆ ಉದುರಿಸಿದ ಒಣದ್ರಾಕ್ಷಿಯೂ ಕದಲಿರಲಿಲ್ಲ. ಅವನು ಮಾಂಸ ಬಿಡಿಸಿ ನನ್ನ ಕಡೆಗೆ ಸರಿಸುತ್ತಲೇ ಇದ್ದ. ಬೇರೆಯವರಿಗೆ ಸರಿಸಬೇಕಾದದ್ದೂ ನನಗೇ ಬಂತು. ಹೊಟ್ಟೆ ಬಿರಿಯುವಂತಾಗಿತ್ತು, ಆದರೆ ನಾನು ಎದ್ದರೆ ಅವನೊಬ್ಬನೇ ಆಗುತ್ತಾನೆ. ಅವನು ಮಾತ್ರ ಉಣ್ಣುತ್ತಿರಲಿಲ್ಲ. ಮೇಜಿನವರು ಮುಗಿಸುವ ತನಕ ಕೈ ತೆಗೆಯಬಾರದೆಂದು ಒಂದೊಂದೇ ಅಗುಳನ್ನು ಬೆರಳಲ್ಲಿ ಹೊರಳಿಸುತ್ತಿದ್ದ. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಡಬ್ಬಿಗಳು ಖಾಲಿಯಾದವು. ಯಜಮಾನ ಹಾಲು ಹಾಕಿದ ಏಲಕ್ಕಿ ಚಹಾ ತಂದ. ಆಗ ಅಕೌಂಟ್ಸಿನವರಿಗೆ ಫೋಟೋದ ನೆನಪಾಯಿತು. ಗ್ರೂಪಿಗೆ ಹಾಕುವ, ಎಲ್ಲರೂ ಬನ್ನಿ ಎಂದರು. ನೋಡನೋಡುತ್ತಿದ್ದಂತೆ ಆಫೀಸಿನ ಮಂಡಿಗಳೆಲ್ಲ ವಾಸಿಯಾದವು. ಎಲ್ಲರೂ ಕಟ್ಟೆ ಹತ್ತಿ, ಚಕ್ಕಳಮಕ್ಕಳ ಹಾಕಿ ಹರಿವಾಣದ ಸುತ್ತ ಕುಳಿತರು. ಉಣ್ಣುವ ಹಾಗೆ ಕೈ ಚಾಚಿ ಎಂದು ಯಾರೋ ಹೇಳಿದರು. ಎಲ್ಲರೂ ಕೈ ಚಾಚಿದರು. ಅನ್ನಕ್ಕೆ ತಾಗದಂತೆ, ಒಂದಂಗುಲ ಮೇಲೆ. ಅಕೌಂಟ್ಸಿನವರು ತಮ್ಮ ಫೋನನ್ನು ನನ್ನ ಕೈಗೆ ತುರುಕಿದರು.

ನಾನು ತೆಗೆಯುವುದಿಲ್ಲ ಎಂದೆ. ಬೇಕಾದರೆ ನಿಮ್ಮ ಡಬ್ಬಿಗಳ ಫೋಟೋ ತೆಗೆಯುತ್ತೇನೆ ಎಂದೆ. ಅಷ್ಟರಲ್ಲಿ ಅವರೆಲ್ಲರ ನಡುವೆ ಕುಳಿತ ಮಂದೂಬ್ ನನ್ನನ್ನು ನೋಡಿ, ತೆಗೆ ಎಂದು ಕೈಮಾಡಿದ.

"ಎಲ್ಲರ ಮುಖ ಬರಲಿ," ಎಂದ. "ನಿನ್ನ ಫೋನಿನಲ್ಲೂ ಒಂದು ತೆಗೆದು ನನಗೆ ಕಳಿಸು. ಹೆಂಡತಿ ಪ್ರತಿ ಸಲವೂ ಕೇಳುತ್ತಾಳೆ, ಅಲ್ಲಿ ನಿನ್ನ ಜೊತೆ ಕೂತು ಉಣ್ಣುವವರು ಯಾರಿದ್ದಾರೆ ಅಂತ."

ತುಪ್ಪ ಹತ್ತಿದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು ಎರಡು ಫೋನಿನಲ್ಲೂ ತೆಗೆದೆ. ಬೈಯಲು ಬಾಯಿಗೆ ಬಂದದ್ದನ್ನೆಲ್ಲ ಚಹಾದ ಜೊತೆ ನುಂಗಿದೆ. ಫೋಟೋ ಚೆನ್ನಾಗಿಯೇ ಬಂತು, ಅದೇ ನನ್ನ ಸಂಕಟ. ಎಲ್ಲ ಕೈಗಳೂ ಒಂದೇ ಹರಿವಾಣದ ಮೇಲೆ, ನಡುವೆ ಮದರಂಗಿ ಗಡ್ಡದ ಅವನು ಬಾಯ್ತುಂಬ ನಗುತ್ತಿದ್ದಾನೆ. ನೋಡಿದವರು ಎಂಥ ಒಗ್ಗಟ್ಟಿನ ಆಫೀಸು ಎನ್ನಬೇಕು. ಗ್ರೂಪಿನಲ್ಲಿ ಹೃದಯದ ಚಿತ್ರಗಳ ಸುರಿಮಳೆಯೇ ಆಯಿತು. ಅವರು ಕೆಳಗಿಳಿದು ಮತ್ತೊಮ್ಮೆ ಕೈ ತೊಳೆದುಕೊಂಡದ್ದು ಫೋಟೋದಲ್ಲಿಲ್ಲ.

ಮಂದೂಬ್ ಊರು ಸೇರಿದ ಮೇಲೆ ನನಗೊಂದು ಧ್ವನಿಸಂದೇಶ ಕಳಿಸಿದ. ಫೋಟೋ ದೊಡ್ಡದು ಮಾಡಿಸಿ ಮನೆಯಲ್ಲಿ ಹಾಕಿದ್ದಾನಂತೆ. ಹೆಂಡತಿ ಒಬ್ಬೊಬ್ಬರ ಮೇಲೂ ಬೆರಳಿಟ್ಟು ಇವರು ಯಾರು, ಇವರು ಯಾರು ಎಂದು ಕೇಳಿ, ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹರಸಿದಳಂತೆ. ಆಮೇಲೆ ನನ್ನನ್ನು ಹುಡುಕಿದಳಂತೆ. ಹೋಟೆಲಿಗೆ ಯಾವಾಗಲೂ ಜೊತೆಗೆ ಬರುವ ಗೆಳೆಯನೊಬ್ಬ ಇದ್ದಾನೆ ಅನ್ನುತ್ತಿದ್ದೆಯಲ್ಲ, ಇಷ್ಟು ಜನರಲ್ಲಿ ಅವನೊಬ್ಬನೇ ನಿನ್ನ ಜೊತೆ ಉಣ್ಣಲು ಬರಲಿಲ್ಲವೇ ಎಂದು ಕೇಳಿದಳಂತೆ.