ಆಟೊದೊಳಗೆ ಕೂಗಿದ ಭೋಂಗಾ

ದಾಂಡೇಲಿಯಲ್ಲಿ ಶೇರ್ ಆಟೊ ಹತ್ತಿದಾಗ ಡ್ರೈವರ್ ಸ್ಪೀಕರ್ ತೋರಿಸಿ, “ಅಕ್ಕಾರ, ನಿಮ್ಮ ಹಾಡು ಹಚ್ರಿ” ಎಂದ. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಖುಷಿಯಿಂದ ಫೋನಿನಲ್ಲಿದ್ದ ನನ್ನ ಮೆಚ್ಚಿನ ಹಳೆಯ ಸೈಕೆಡೆಲಿಕ್ ರಾಕ್ ಆಲ್ಬಮ್ ಹಚ್ಚಿದೆ. ಅದು ಶುರುವಾಗುವುದೇ ಉದ್ದನೆಯ ಸೈರನ್ನಿನಿಂದ.

“ಅಯ್ಯೋ, ಮಿಲ್ಲಿನ ಭೋಂಗಾ ಆತು!”

ಪಕ್ಕದಲ್ಲಿ ಕೂತಿದ್ದ ಮಿಲ್ಲಿನ ಕಾರ್ಮಿಕರು ಸೈರನ್ ಆಯಿತು, ಶಿಫ್ಟ್ ತಪ್ಪಿತೆಂದು ಊಟದ ಡಬ್ಬಿ ಹಿಡಿದು, ಎಮ್ಮೆಗಳು ದಾಟಲೆಂದು ನಿಂತಿದ್ದ ಆಟೊದಿಂದ ಇಳಿದು ಓಡಿಯೇಬಿಟ್ಟರು.

ಗಿಟಾರ್ ಕೇಳಿ ಅದು ಹಾಡೆಂದು ಗೊತ್ತಾದ ಮೇಲೆ ಡ್ರೈವರ್ ನಗುತ್ತಾ ಮುಂದೆ ಹೋಗಿ ಅವರನ್ನು ಹತ್ತಿಸಿಕೊಂಡ. ನಾನು ತಲೆ ತಗ್ಗಿಸಿ ಹಾಡು ನಿಲ್ಲಿಸಿದೆ.

“ಬಂದ್ ಮಾಡಬ್ಯಾಡವ್ವ,” ಅವರು ಏದುಸಿರಿನಲ್ಲೇ ಅಂದರು, “ಓಡಿದ್ದಕ್ಕಾದ್ರೂ ಪೂರ್ತಿ ಕೇಳೂಣು.”

ಈ ಆಲ್ಬಮ್ ಕೇಳಿದರೆ ಬೇರೆ ಲೋಕಕ್ಕೇ ಹೋಗಿಬಿಡುತ್ತೇವಂತೆ. ಅವತ್ತು ಆ ಆಟೊ ಬಿಟ್ಟು ಯಾವ ಲೋಕವಾದರೂ ನನಗೆ ನಡೆಯುತ್ತಿತ್ತು.